ಕೊಟ್ಟ ಕಿರೀಟಕ್ಕೆ ಲೆಕ್ಕ ಇದೆ: ರಾಜರ ಹೆಂಡತಿಯರಿಂದ ಯೌವನಸ್ಥರಿಗೆ ಒಂದು ಪಾಠ

ಇವತ್ತಿನ ಯೌವನಸ್ಥರ ಕೂಟದಲ್ಲಿ ನಾವು ಧ್ಯಾನ ಮಾಡುವ ವಿಷಯ ರಾಣಿಯರು. ಬೈಬಲ್ ತೆಗೆಯಿರಿ. ಎಸ್ತೇರಳ ಪುಸ್ತಕ 4 ಮತ್ತು 8ನೇ ಅಧ್ಯಾಯ. ಒಂದು ಬೆರಳು 1 ಅರಸುಗಳು 21ರಲ್ಲಿ ಇಟ್ಟುಕೊಳ್ಳಿ, ಅಲ್ಲಿಗೂ ಹೋಗ್ತೇವೆ. ಮೊಬೈಲಲ್ಲಿ ಬೈಬಲ್ ಓದುವವರು ದಯವಿಟ್ಟು ನೋಟಿಫಿಕೇಶನ್ ಆಫ್ ಮಾಡಿ.

ರಾಣಿಯರಲ್ಲಿ ಎರಡು ಥರ ಇದ್ದಾರೆ. ಒಬ್ಬಳು ತಾನೇ ಆಳುವವಳು. ಸೊಲೊಮೋನನನ್ನು ನೋಡಲು ಬಂದ ಶೆಬದ ರಾಣಿ ಹಾಗೆ. ಇಂಗ್ಲೆಂಡಿನ ವಿಕ್ಟೋರಿಯಾ ಹಾಗೆ. ಸಿಂಹಾಸನ ಅವಳದ್ದೇ. ಇನ್ನೊಬ್ಬಳು ರಾಜನನ್ನು ಮದುವೆಯಾದದ್ದಕ್ಕೆ ರಾಣಿಯಾದವಳು, ಪಟ್ಟದರಸಿ. ಅವಳ ತಲೆ ಮೇಲೆ ಕಿರೀಟ ಇದೆ, ಆದರೆ ಆಜ್ಞೆ ರಾಜನದ್ದು, ಮುದ್ರೆ ರಾಜನದ್ದು, ಖಜಾನೆ ರಾಜನದ್ದು. ಅವಳ ಹತ್ತಿರ ಇರುವುದು ಒಂದೇ: ರಾಜನ ಹತ್ತಿರ ಹೋಗಿ ಮಾತಾಡುವ ಬಾಗಿಲು. ಆ ಬಾಗಿಲು ಕೂಡ ಯಾವಾಗಲೂ ತೆರೆದಿರುವುದಿಲ್ಲ.

ಬೆಂಗಳೂರಲ್ಲಿ ಕೆಲಸ ಮಾಡುವ ನಮಗೆ ಇದರಿಂದ ಏನು ಅಂತ ಕೇಳಬಹುದು. ಪ್ರಿಯರೇ, ನಮ್ಮಲ್ಲಿ ಹೆಚ್ಚಿನವರ ಸ್ಥಾನ ಈ ಎರಡನೇ ಥರದ್ದೇ. ಕೊರಳಲ್ಲಿರುವ ಐಡಿ ಕಾರ್ಡ್ ಕಂಪನಿಯದ್ದು. ಮದುವೆ ಮನೆಯಲ್ಲಿ ಸಿಗುವ ಗೌರವ ಅಪ್ಪನ ಹೆಸರಿಗೆ ಸಿಗುವುದು. ಕೆಲವು ತಂಗಿಯರಿಗೆ ಗಂಡನ ಕೆಲಸದಿಂದ ಒಂದು ಮರ್ಯಾದೆ. ಯಾರೋ ಕೊಟ್ಟ ಸ್ಥಾನದಲ್ಲಿ ನಾವು ಕೂತಿದ್ದೇವೆ. ಕೊಟ್ಟ ಸ್ಥಾನವನ್ನು ನಾನು ಏನು ಮಾಡ್ತಾ ಇದ್ದೇನೆ? ಇವತ್ತಿನ ಪ್ರಶ್ನೆ ಇದೊಂದೇ.

1. ಕೊಟ್ಟ ಸ್ಥಾನ ಗಟ್ಟಿ ನೆಲವಲ್ಲ

ಎಸ್ತೇರಳ ಪುಸ್ತಕ ಶುರುವಾಗುವುದೇ ಒಬ್ಬ ರಾಣಿ ಸ್ಥಾನ ಕಳೆದುಕೊಳ್ಳುವುದರಿಂದ. ಅಹಷ್ವೇರೋಷ ರಾಜನಿಗೆ 127 ಸಂಸ್ಥಾನಗಳು. ಕ್ರಿ.ಪೂ. 486ರಿಂದ 465ರವರೆಗೆ ಪಾರಸಿಯವನ್ನು ಆಳಿದ ಕ್ಸರ್ಕ್ಸಿಸ್‌ನೇ ಇವನು ಎಂದು ಹೆಚ್ಚಿನ ಪಂಡಿತರು ಹೇಳುತ್ತಾರೆ. 180 ದಿನ ತನ್ನ ವೈಭವ ತೋರಿಸಿ, ಆಮೇಲೆ 7 ದಿನ ಔತಣ ಮಾಡಿ, ಕುಡಿದ ಅಮಲಲ್ಲಿ ವಷ್ಟಿ ರಾಣಿಯ ಚೆಲುವನ್ನು ಎಲ್ಲರಿಗೂ ತೋರಿಸಬೇಕು ಅಂತ ಕರೆಸಿದ. ಅವಳು ಬರಲ್ಲ ಅಂದಳು. ಅಷ್ಟಕ್ಕೇ ಪಟ್ಟ ಹೋಯಿತು. ಒಂದು ಸಂಜೆ, ಒಂದು ಮಾತು, ಮುಗಿಯಿತು.

ಆ ಖಾಲಿ ಜಾಗಕ್ಕೆ ಎಸ್ತೇರಳು ಬಂದಳು. ಸಂಡೇ ಸ್ಕೂಲಲ್ಲಿ ಇದನ್ನು ಬ್ಯೂಟಿ ಕಾಂಟೆಸ್ಟ್ ಥರ ಕೇಳಿದ್ದೇವೆ. ನಿಧಾನವಾಗಿ ಓದಿ ನೋಡಿ. ಅಪ್ಪ ಅಮ್ಮ ಇಲ್ಲದ ಹುಡುಗಿ. ಸಾಕಿದ್ದು ದೊಡ್ಡಪ್ಪನ ಮಗನ ಸ್ಥಾನದಲ್ಲಿದ್ದ ಮೊರ್ದೆಕೈ. ರಾಜಾಜ್ಞೆ ಹೊರಟು ಹುಡುಗಿಯರನ್ನು ಒಟ್ಟುಗೂಡಿಸಿದಾಗ ಅವಳನ್ನೂ ಶೂಷನ್ ಕೋಟೆಗೆ ಕರೆದುಕೊಂಡು ಹೋದರು. ನಿನಗೆ ಇಷ್ಟವಾ ಅಂತ ಅವಳನ್ನು ಕೇಳಿದ ಒಂದು ಸಾಲೂ ಅಲ್ಲಿ ಇಲ್ಲ. 12 ತಿಂಗಳು ತೈಲ, ಸುಗಂಧ, ಲೇಪನ. ಅದಾದ ಮೇಲೆ ಪಟ್ಟ. ಪಟ್ಟ ಬಂದು ನಾಲ್ಕು ವರ್ಷ ದಾಟಿದ ಮೇಲೂ ಅವಳ ಪರಿಸ್ಥಿತಿ ಏನು? 4ನೇ ಅಧ್ಯಾಯದಲ್ಲಿ ಅವಳೇ ಹೇಳ್ತಾಳೆ: ರಾಜ ನನ್ನನ್ನು ಕರೆದು 30 ದಿನ ಆಯಿತು. ಕರೆಯದೆ ಒಳಗೆ ಹೋದರೆ ಮರಣ. ರಾಜ ಸುವರ್ಣದಂಡ ಚಾಚಿದರೆ ಮಾತ್ರ ಬದುಕು. ರಾಣಿಗೇ ಈ ಕಾನೂನು!

ಇದು ಒಂದೇ ದೇಶದ, ಒಂದೇ ಕಾಲದ ಕಥೆಯಲ್ಲ. ಸುಮಾರು 2,000 ವರ್ಷ ದಾಟಿ ಇಂಗ್ಲೆಂಡಿಗೆ ಬನ್ನಿ. 8ನೇ ಹೆನ್ರಿ ರಾಜ ಆರು ಮದುವೆಯಾದ. 1536ರಲ್ಲಿ ರಾಣಿ ಆನ್ ಬೊಲಿನ್‌ಳ ತಲೆ ತೆಗೆಸಿದ. 1542ರಲ್ಲಿ ಕ್ಯಾಥರೀನ್ ಹೊವರ್ಡ್‌ಳ ತಲೆ ತೆಗೆಸಿದ. 1543ರಲ್ಲಿ ಆರನೆಯವಳಾಗಿ ಆ ಮನೆಗೆ ಬಂದವಳು ಕ್ಯಾಥರೀನ್ ಪಾರ್. ದೇವರ ವಾಕ್ಯದಲ್ಲಿ ಆಸಕ್ತಿ ಇದ್ದವಳು. 1545ರಲ್ಲಿ ಪ್ರಾರ್ಥನೆಗಳ ಒಂದು ಪುಸ್ತಕವನ್ನು ತನ್ನ ಹೆಸರಲ್ಲೇ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದಳು. ಆ ಕಾಲದಲ್ಲಿ ಹೆಂಗಸರು ಹಾಗೆ ಮಾಡುತ್ತಿರಲಿಲ್ಲ. ರಾಜನ ಜೊತೆ ಧರ್ಮದ ವಿಷಯ ಚರ್ಚೆ ಮಾಡುತ್ತಿದ್ದಳು. 1546ರಲ್ಲಿ ಅವಳ ವಿರೋಧಿಗಳು ರಾಜನ ಕಿವಿ ಊದಿದರು. ಹತಸಾಕ್ಷಿಗಳ ಚರಿತ್ರೆ ಬರೆದ ಜಾನ್ ಫಾಕ್ಸ್ ಹೇಳುವ ಪ್ರಕಾರ, ಅವಳ ಮೇಲಿನ ಆರೋಪದ ಕಾಗದಕ್ಕೆ ರಾಜ ಸಹಿಯನ್ನೂ ಹಾಕಿದ್ದ. ಆ ಕಾಗದ ದಾರಿಯಲ್ಲಿ ಬಿದ್ದು, ಯಾರೋ ಎತ್ತಿ ಅವಳಿಗೆ ತಲುಪಿಸಿದರು. ಓದಿ ಭಯದಿಂದ ಹಾಸಿಗೆ ಹಿಡಿದಳು. ಆಮೇಲೆ ಎದ್ದು, ರಾಜನ ಹತ್ತಿರ ಹೋಗಿ, ವಿನಯದಿಂದ ಮಾತಾಡಿ ಜೀವ ಉಳಿಸಿಕೊಂಡಳು.

ಯಾಕೆ ಇಷ್ಟೆಲ್ಲ ಹೇಳಿದೆ? ಕಿರೀಟವನ್ನೇ ನೆಲ ಅಂದುಕೊಂಡು ಅದರ ಮೇಲೆ ನಿಲ್ಲಬೇಡಿ ಅಂತ. ತಮ್ಮಾ, ನಿನ್ನ ಕಂಪನಿಯ ಹೆಸರು ನಿನ್ನ ಬೆಲೆಯಲ್ಲ. ಬೆಳಿಗ್ಗೆ ಲಾಗಿನ್ ಆಗದೆ ಹೋದಾಗ ಕೆಲಸ ಹೋಗಿದೆ ಅಂತ ಗೊತ್ತಾಗುವ ಕಾಲ ಇದು. ತಂಗೀ, ಒಳ್ಳೆ ಸಂಬಂಧ ಬಂದರೆ ಜೀವನ ಸೆಟಲ್ ಅಂತ ಮನೆಯಲ್ಲಿ ಹೇಳ್ತಾರೆ. ಮದುವೆ ದೇವರ ವರವೇ, ನಾನು ಅದನ್ನು ಕಡಿಮೆ ಮಾಡ್ತಾ ಇಲ್ಲ. ಆದರೆ ಜಗತ್ತಿನ ಅತಿ ದೊಡ್ಡ ಸಂಬಂಧ ಸಿಕ್ಕಿದ ಹುಡುಗಿ 30 ದಿನ ಕರೆಯಿಲ್ಲದೆ ಕೂತಿದ್ದಳು ಅನ್ನುವುದು ನೆನಪಿರಲಿ.

2. ಅದೇ ಮುದ್ರೆ, ಬೇರೆ ಬೇರೆ ಕೈ

ಈಗ 1 ಅರಸುಗಳು 21. ಈಜೆಬೆಲಳು ಚೀದೋನ್ಯರ ಅರಸನ ಮಗಳು, ಇಸ್ರಾಯೇಲಿನ ಅಹಾಬನ ಹೆಂಡತಿ. ಅರಮನೆಯ ಪಕ್ಕದಲ್ಲಿ ನಾಬೋತನ ದ್ರಾಕ್ಷೆತೋಟ. ಅಹಾಬನಿಗೆ ಅಲ್ಲಿ ಕಾಯಿಪಲ್ಯ ಬೆಳೆಯಬೇಕು ಅಂತ ಆಸೆ. ನಾಬೋತ ಕೊಡಲ್ಲ ಅಂದ. ಅದು ಪಿತ್ರಾರ್ಜಿತ ಭೂಮಿ, ಮಾರಿಬಿಡುವುದು ದೇವರಿಗೆ ಒಪ್ಪುವ ಕೆಲಸ ಅಲ್ಲ. ರಾಜ ಮುಖ ಗೋಡೆಗೆ ತಿರುಗಿಸಿ ಊಟ ಬಿಟ್ಟು ಮಲಗಿದ. ಆಗ ಹೆಂಡತಿ ಏನು ಮಾಡಿದಳು? ರಾಜನ ಹೆಸರಲ್ಲಿ ಪತ್ರ ಬರೆದು, ರಾಜನ ಮುದ್ರೆ ಒತ್ತಿ, ಊರಿನ ಹಿರಿಯರಿಗೆ ಕಳಿಸಿದಳು. ಇಬ್ಬರು ಸುಳ್ಳುಸಾಕ್ಷಿಗಳು. ನಾಬೋತನ ಮೇಲೆ ಕಲ್ಲು. ತೋಟ ರಾಜನದ್ದಾಯಿತು.

ಎಸ್ತೇರಳ ಪುಸ್ತಕಕ್ಕೆ ವಾಪಸ್ ಬನ್ನಿ. 8ನೇ ಅಧ್ಯಾಯದಲ್ಲೂ ಒಬ್ಬ ರಾಣಿ ಇದ್ದಾಳೆ, ಒಬ್ಬ ರಾಜ ಇದ್ದಾನೆ, ರಾಜನ ಹೆಸರಲ್ಲಿ ಪತ್ರ ಇದೆ, ರಾಜನ ಉಂಗುರದ ಮುದ್ರೆ ಇದೆ. ಎಲ್ಲ ಒಂದೇ. ಒಂದು ಪತ್ರ ಒಬ್ಬ ನಿರಪರಾಧಿಯನ್ನು ಸಾಯಿಸಿತು. ಇನ್ನೊಂದು ಪತ್ರ ಸಾಯಲು ದಿನ ಗೊತ್ತಾಗಿದ್ದ ಇಡೀ ಜನಾಂಗಕ್ಕೆ ತಮ್ಮ ಪ್ರಾಣ ಕಾಪಾಡಿಕೊಳ್ಳುವ ಹಕ್ಕು ಕೊಟ್ಟಿತು.

ಇಲ್ಲಿ ಒಂದು ವಿಷಯ ಬಿಚ್ಚಿ ಹೇಳಲೇಬೇಕು. ನಮ್ಮ ಸಭೆಗಳಲ್ಲಿ ಒಬ್ಬ ಸಹೋದರಿ ಧೈರ್ಯವಾಗಿ ಮಾತಾಡಿದರೆ, ಪ್ರಶ್ನೆ ಕೇಳಿದರೆ, ಚೆನ್ನಾಗಿ ಅಲಂಕಾರ ಮಾಡಿಕೊಂಡು ಬಂದರೆ, ಇವಳಲ್ಲಿ ಈಜೆಬೆಲ್ ಆತ್ಮ ಇದೆ ಅಂದುಬಿಡ್ತಾರೆ. ಜಾಗ್ರತೆ. ಬೈಬಲು ಈಜೆಬೆಲಳ ಮೇಲೆ ಹೊರಿಸುವ ಅಪರಾಧ ಏನು? ಬಾಳನ ಆರಾಧನೆ, ಪ್ರವಾದಿಗಳ ರಕ್ತ, ನಾಬೋತನ ರಕ್ತ. ಮಾತಾಡಿದ್ದೇ ಪಾಪ ಆಗಿದ್ದರೆ ಎಸ್ತೇರಳೂ ಪಾಪಿಯೇ. ಕರೆಯದೆ ಒಳಗೆ ಹೋದವಳು ಅವಳು! ಎಷ್ಟೋ ತಂಗಿಯರು ಆ ಒಂದು ಮಾತಿಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದಾರೆ. ಮನೆಯಲ್ಲಿ ಅನ್ಯಾಯ ನಡೆದರೂ ಹೇಳಲ್ಲ. ಆ ಹಣೆಪಟ್ಟಿ ಅಂಟಿಸುವ ಮುಂಚೆ ಕೇಳಿ: ಇವಳು ಯಾರ ತೋಟ ಕಿತ್ತುಕೊಂಡಳು? ಯಾರ ಮೇಲೆ ಸುಳ್ಳು ಹೊರಿಸಿದಳು? ಹೌದು, ಆ ಪಾಪ ಗಂಡಸರಲ್ಲೂ ಇರಬಹುದು. ತಾನು ಸುಮ್ಮನೆ ಮಲಗಿ, ಮುದ್ರೆ ಬಿಟ್ಟುಕೊಟ್ಟು, ಎದ್ದು ತೋಟ ತೆಗೆದುಕೊಳ್ಳಲು ಹೋದ ಅಹಾಬನನ್ನೂ ಎಲೀಯ ಬಿಡಲಿಲ್ಲ. ಕೊಲೆ ಮಾಡಿದವನು ನೀನೇ ಅನ್ನುವ ಹಾಗೆ ಅವನ ಮುಖದ ಮುಂದೆಯೇ ಕೇಳಿದ.

ನಿಮ್ಮ ಕೈಯಲ್ಲೂ ಮುದ್ರೆ ಇದೆ. ಅಪ್ರೂವಲ್ ಬಟನ್, ಅಪ್ರೈಸಲ್ ಫಾರ್ಮ್, ರೆಫರಲ್, ವಾಟ್ಸಾಪ್ ಗ್ರೂಪಿನ ಅಡ್ಮಿನ್ ಸ್ಥಾನ. ಯಾರ ಮೇಲೆ ಒತ್ತುತ್ತಾ ಇದ್ದೀರಿ?

3. ಕಾಯುವುದು ಬೇರೆ, ಅಡಗಿಕೊಳ್ಳುವುದು ಬೇರೆ

ಎಸ್ತೇರಳು ತಾನು ಯೆಹೂದ್ಯಳು ಅಂತ ಯಾರಿಗೂ ಹೇಳಿರಲಿಲ್ಲ. ಮೊರ್ದೆಕೈಯೇ ಬೇಡ ಅಂದಿದ್ದ. ಅದು ಕಾಯುವ ಕಾಲ. ಆಮೇಲೆ ಹಾಮಾನ ಯೆಹೂದ್ಯರನ್ನೆಲ್ಲ ಅಳಿಸಲು ಆಜ್ಞೆ ಹೊರಡಿಸಿದ. ಅದಕ್ಕೆ 10,000 ತಲಾಂತು ಬೆಳ್ಳಿ ಕೊಡ್ತೇನೆ ಅಂದ. ಮೊರ್ದೆಕೈ ಗೋಣಿತಟ್ಟು ಕಟ್ಟಿಕೊಂಡು ಬೀದಿಯಲ್ಲಿ ಅತ್ತ. ಎಸ್ತೇರಳು ಮೊದಲು ಮಾಡಿದ್ದೇನು? ಬಟ್ಟೆ ಕಳಿಸಿದಳು! ಗೋಣಿತಟ್ಟು ತೆಗೆದು ಇದನ್ನು ಹಾಕಿಕೊಳ್ಳಲಿ ಅಂತ. ಅವಳಿಗೆ ಅರಮನೆಯೊಳಗೆ ಸುದ್ದಿಯೇ ಮುಟ್ಟಿರಲಿಲ್ಲ. ಅರಮನೆ ಅಂದರೆ ಹಾಗೆ, ಹೊರಗಿನ ಅಳು ಒಳಗೆ ಕೇಳಿಸಲ್ಲ. ಗೇಟೆಡ್ ಕಮ್ಯುನಿಟಿಯ ಗೋಡೆಯೂ ಹಾಗೇ.

ಮೊರ್ದೆಕೈ ಬಟ್ಟೆ ತೆಗೆದುಕೊಳ್ಳಲಿಲ್ಲ. ಹೇಳಿ ಕಳಿಸಿದ: ಅರಮನೆಯಲ್ಲಿ ಇದ್ದೀಯ ಅಂತ ನೀನೊಬ್ಬಳೇ ಉಳಿಯುವುದಿಲ್ಲ, ನೀನು ಸುಮ್ಮನಿದ್ದರೂ ದೇವಜನರಿಗೆ ಬಿಡುಗಡೆ ಬೇರೆ ಕಡೆಯಿಂದ ಬರುತ್ತದೆ, ಆದರೆ ನಿನಗೆ ಈ ಪಟ್ಟ ಸಿಕ್ಕಿದ್ದು ಈ ಗಳಿಗೆಗೇ ಇರಬಹುದಲ್ಲವಾ ಅಂತ. ಅಲ್ಲಿ ಕಾಯುವ ಕಾಲ ಮುಗಿಯಿತು. ಇನ್ನೂ ಸುಮ್ಮನಿದ್ದರೆ ಅದು ಅಡಗಿಕೊಳ್ಳುವುದು.

ಸಭೆಯ ಇತಿಹಾಸದಲ್ಲೂ ಹೀಗೆ ಒಬ್ಬ ರಾಣಿ ಇದ್ದಾಳೆ. ಹೆಸರು ಬರ್ತಾ. ಪ್ಯಾರಿಸಿನಲ್ಲಿ ಆಳುತ್ತಿದ್ದ ಫ್ರಾಂಕರ ಅರಸ ಚಾರಿಬರ್ಟನ ಮಗಳು. ಇಂಗ್ಲೆಂಡಿನ ಕೆಂಟ್ ರಾಜ್ಯದ ಎಥೆಲ್ಬರ್ಟ್ ರಾಜನಿಗೆ ಅವಳನ್ನು ಮದುವೆ ಮಾಡಿಕೊಟ್ಟರು. ಅವನು ವಿಗ್ರಹಾರಾಧಕ. ಅವಳ ನಂಬಿಕೆಗೆ ಅಡ್ಡಿ ಮಾಡಬಾರದು ಅನ್ನುವ ಷರತ್ತು ಇತ್ತು ಎಂದು ಬೀಡ್ ಎಂಬ ಸನ್ಯಾಸಿ 731ರಲ್ಲಿ ಮುಗಿಸಿದ ಚರಿತ್ರೆಯಲ್ಲಿ ಬರೆದಿದ್ದಾನೆ. ಜೊತೆಗೆ ಲ್ಯೂಡಾರ್ಡ್ ಎಂಬ ಬಿಷಪ್ ಬಂದ. ಕ್ಯಾಂಟರ್ಬರಿ ಊರಾಚೆ ಒಂದು ಹಳೆಯ ಚರ್ಚಿನಲ್ಲಿ ಅವಳು ಪ್ರಾರ್ಥನೆ ಮಾಡುತ್ತಿದ್ದಳು. ಆ ಸೇಂಟ್ ಮಾರ್ಟಿನ್ ಚರ್ಚಿನಲ್ಲಿ ಇವತ್ತಿಗೂ ಆರಾಧನೆ ನಡೆಯುತ್ತದೆ. 597ರಲ್ಲಿ ರೋಮಿನಿಂದ ಅಗಸ್ಟೀನ್ ಮತ್ತು ಜೊತೆಯವರು ಸುವಾರ್ತೆ ತಂದಾಗ ರಾಜ ಮೊದಲು ಹೆದರಿ, ಮಾಟ ಮಾಡಿಬಿಟ್ಟಾರು ಅಂತ ಬಯಲಿನಲ್ಲಿ ಕೂತು ಭೇಟಿ ಮಾಡಿದ. ಆದರೆ ಈ ನಂಬಿಕೆ ಅವನಿಗೆ ಪೂರ್ತಿ ಹೊಸದಾಗಿರಲಿಲ್ಲ, ಅವನ ಮನೆಯಲ್ಲೇ ಇತ್ತು. ಅವನು ಅವರಿಗೆ ಇರಲು ಜಾಗ ಕೊಟ್ಟ, ಮುಂದೆ ದೀಕ್ಷಾಸ್ನಾನವನ್ನೂ ಪಡೆದ.

ಇಲ್ಲಿ ಗಮನಿಸಿ. 601ರಲ್ಲಿ ಪೋಪ್ ಗ್ರೆಗರಿ ಬರ್ತಾಳಿಗೆ ಒಂದು ಪತ್ರ ಬರೆದ. ಅವಳನ್ನು ಹೊಗಳಿದ. ಹೊಗಳುತ್ತಲೇ ಮೆಲ್ಲಗೆ ಒಂದು ಮಾತು ಚುಚ್ಚಿದ: ಗಂಡನ ಮನಸ್ಸನ್ನು ಈ ಕಡೆ ತಿರುಗಿಸುವ ಕೆಲಸವನ್ನು ನೀನು ಇನ್ನೂ ಮುಂಚೆಯೇ ಮಾಡಬೇಕಿತ್ತು ಅಂತ. ಆ ಮನೆಯಲ್ಲಿ ಬರ್ತಾ ಎಷ್ಟು ಮಾತಾಡಿದಳು, ಎಷ್ಟು ಪ್ರಾರ್ಥಿಸಿದಳು ಅನ್ನುವುದು ದೇವರಿಗೆ ಗೊತ್ತು, ನಾವು ನ್ಯಾಯತೀರಿಸುವುದು ಬೇಡ. ಆದರೆ ಆ ಪ್ರಶ್ನೆ ನಮಗೂ ಇದೆ. ಆಫೀಸಲ್ಲಿ ಐದು ವರ್ಷ ಪಕ್ಕದ ಸೀಟಿನಲ್ಲಿ ಕೂತವನಿಗೆ ನೀವು ಯೇಸುವಿನವರು ಅಂತ ಗೊತ್ತೇ ಇಲ್ಲ ಅಂದರೆ, ಅದು ಕಾಯುವುದಾ, ಅಡಗಿಕೊಳ್ಳುವುದಾ?

ಇನ್ನೊಂದು ಎಚ್ಚರಿಕೆ. ಬರ್ತಾಳನ್ನೂ ಎಸ್ತೇರಳನ್ನೂ ತೋರಿಸಿ, ನಾನೂ ಅವಿಶ್ವಾಸಿಯನ್ನು ಮದುವೆಯಾಗ್ತೇನೆ, ಆಮೇಲೆ ರಕ್ಷಣೆಗೆ ನಡೆಸ್ತೇನೆ ಅಂತ ಯಾರೂ ಬರಬೇಡಿ. ಎಸ್ತೇರಳನ್ನು ಯಾರೂ ಕೇಳಲಿಲ್ಲ. ಬರ್ತಾಳದ್ದು ರಾಜವಂಶಗಳ ಏರ್ಪಾಡು. ನಿಮಗೆ ಆಯ್ಕೆ ಇದೆ, 2 ಕೊರಿಂಥ 6:14 ಕೂಡ ಇದೆ. ಆದರೆ ಈಗಾಗಲೇ ಅಂಥ ಮನೆಯಲ್ಲಿ ಇರುವ ಸಹೋದರಿಯರೇ, ನಿಮ್ಮ ಊರಾಚೆಯ ಚರ್ಚು, ನಿಮ್ಮ ಒಂಟಿ ಪ್ರಾರ್ಥನೆ ವ್ಯರ್ಥ ಅಲ್ಲ.

ಎಸ್ತೇರಳು ಅಡಗಿಕೊಳ್ಳಲಿಲ್ಲ. ಹಾಗಂತ ಹುಚ್ಚು ಧೈರ್ಯದಿಂದ ಓಡಲೂ ಇಲ್ಲ. 3 ದಿನ ಉಪವಾಸ, ತಾನೂ ತನ್ನ ಸೇವಕಿಯರೂ, ಶೂಷನಿನ ಯೆಹೂದ್ಯರೆಲ್ಲರೂ. ಸಾಯಬೇಕಾಗಿ ಬಂದರೂ ಹೋಗ್ತೇನೆ ಅಂತ ತೀರ್ಮಾನ. ಆಮೇಲೆ ಒಂದು ಔತಣ, ಮತ್ತೊಂದು ಔತಣ, ಸರಿಯಾದ ಸಮಯ. ಪವಿತ್ರಾತ್ಮನು ಧೈರ್ಯವನ್ನೂ ಕೊಡ್ತಾನೆ, ಬುದ್ಧಿಯನ್ನೂ ಕೊಡ್ತಾನೆ. ಅನ್ಯಾಯ ನೋಡಿದ ತಕ್ಷಣ ಎಲ್ಲರಿಗೂ ಕಾಪಿ ಹಾಕಿ ಸಿಟ್ಟಿನ ಮೇಲ್ ಕಳಿಸುವುದು ಎಸ್ತೇರಳ ದಾರಿ ಅಲ್ಲ. ಮೊದಲು ಮೊಣಕಾಲು, ಆಮೇಲೆ ಬಾಗಿಲು.

4. ನನ್ನ ಪ್ರಾಣ ಉಳಿಯಿತು, ಆಮೇಲೆ?

ಇವತ್ತಿನ ಸಂದೇಶದಲ್ಲಿ ಒಂದೇ ಒಂದು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. 7ನೇ ಅಧ್ಯಾಯದ ಕೊನೆಗೆ ಹಾಮಾನ ಸತ್ತ. 8ನೇ ಅಧ್ಯಾಯದ ಶುರುವಿಗೆ ಹಾಮಾನನ ಆಸ್ತಿ ಎಸ್ತೇರಳಿಗೆ ಬಂತು, ಮೊರ್ದೆಕೈಗೆ ರಾಜನ ಉಂಗುರ ಬಂತು. ನಾವು ಬರೆದಿದ್ದರೆ ಕಥೆ ಅಲ್ಲೇ ಮುಗಿಸುತ್ತಿದ್ದೆವು. ಸಾಕ್ಷಿ ಹೇಳಿ ಸ್ತೋತ್ರ ಹೇಳಿ ಕೂತುಬಿಡುತ್ತಿದ್ದೆವು. ಅವಳು ಸೇಫ್. ಅವಳ ಮನೆಯವನು ಸೇಫ್. ಶತ್ರು ಇಲ್ಲ.

ಆದರೆ ಆಜ್ಞೆ ಇನ್ನೂ ಇತ್ತು. ರಾಜಮುದ್ರೆ ಬಿದ್ದ ಆಜ್ಞೆ ರದ್ದಾಗುವುದಿಲ್ಲ. ಅದಾರ್ ತಿಂಗಳ 13ನೇ ದಿನ ಹತ್ತಿರ ಬರ್ತಾ ಇದೆ. ಎಸ್ತೇರಳು ಏನು ಮಾಡಿದಳು ಗೊತ್ತಾ? ಮತ್ತೆ ರಾಜನ ಹತ್ತಿರ ಹೋದಳು. ಈ ಸಲ ಔತಣ ಇಲ್ಲ, ಲೆಕ್ಕಾಚಾರ ಇಲ್ಲ. ಪಾದಕ್ಕೆ ಬಿದ್ದು ಅತ್ತಳು. ರಾಜ ಮತ್ತೆ ಸುವರ್ಣದಂಡ ಚಾಚಿದ. ನನ್ನ ಜನಕ್ಕೆ ಬರುವ ಕೇಡನ್ನು ನಾನು ಹೇಗೆ ನೋಡಲಿ ಅನ್ನುವ ಅರ್ಥದಲ್ಲಿ ಬೇಡಿಕೊಂಡಳು. ಮೊದಲನೇ ಸಲ ಹೋದಾಗ ಅವಳ ಪ್ರಾಣವೂ ಅಪಾಯದಲ್ಲಿತ್ತು. ಎರಡನೇ ಸಲ ಹೋದದ್ದು ಕೇವಲ ಬೇರೆಯವರಿಗೋಸ್ಕರ.

ನಮ್ಮ ಪರೀಕ್ಷೆ ಬರುವುದು ಅಲ್ಲೇ. ಲೇಆಫ್ ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ, ಸ್ತೋತ್ರ. ಸರಿ, ಹೆಸರು ಇದ್ದವನಿಗೆ ಒಂದು ಫೋನ್ ಮಾಡಿದಿರಾ? ಅವನ ರೆಸ್ಯೂಮೆ ನಾಲ್ಕು ಕಡೆ ಕಳಿಸಿದಿರಾ? ನನಗೆ ಸಂಬಳ 1ನೇ ತಾರೀಕಿಗೆ ಬರುತ್ತೆ, ಸ್ತೋತ್ರ. ಅದೇ ಫ್ಲೋರ್ ಗುಡಿಸುವ ಅಕ್ಕನಿಗೆ ಏಜೆನ್ಸಿಯವರು ಎರಡು ತಿಂಗಳಿಂದ ಕೊಟ್ಟಿಲ್ಲ ಅಂತಾದರೆ, ಆ ವಿಷಯ ಮ್ಯಾನೇಜರ್ ಕಿವಿಗೆ ಹಾಕಲು ಅವಳಿಗೆ ಬಾಗಿಲಿಲ್ಲ, ನಿಮಗಿದೆ. ನನ್ನ ಮದುವೆ ಚೆನ್ನಾಗಿದೆ, ಸ್ತೋತ್ರ. ಪಕ್ಕದ ಮನೆ ತಂಗಿ ರಾತ್ರಿ ಅಳುವುದು ಗೋಡೆ ದಾಟಿ ಕೇಳಿಸುತ್ತಾ ಇದೆಯಾ?

5. ನಾನು ರಾಣಿಯಲ್ಲ, ಫ್ರೆಶರ್

ಪಾಸ್ಟರ್, ನನಗೆ ಸ್ಥಾನವೇ ಇಲ್ಲ ಅನ್ನುವವರು ಇದ್ದೀರಿ. ಎಸ್ತೇರಳಿಗೂ ಮೊರ್ದೆಕೈಗೂ ನಡುವೆ ಓಡಾಡಿ ಸುದ್ದಿ ಮುಟ್ಟಿಸಿದವನು ಯಾರು? ಹತಾಕ ಎಂಬ ಒಬ್ಬ ಕಂಚುಕಿ. ಅವನು ಒಂದು ಮಾತು ಬಿಟ್ಟಿದ್ದರೂ, ಒಂದು ಮಾತು ಹಾಮಾನನಿಗೆ ಮಾರಿದ್ದರೂ ಕಥೆ ಬೇರೆಯಾಗುತ್ತಿತ್ತು.

ಆಗ ಹೇಳಿದ ಕ್ಯಾಥರೀನ್ ಪಾರ್ ಕಾಲಕ್ಕೇ ಇನ್ನೊಬ್ಬಳು ಇದ್ದಳು, ಆನ್ ಆಸ್ಕ್ಯೂ. ವಯಸ್ಸು ಸುಮಾರು 25. ತನ್ನ ನಂಬಿಕೆಗಾಗಿ ಸೆರೆಯಾದವಳು. ಲಂಡನ್ ಟವರಿನಲ್ಲಿ ಅವಳನ್ನು ಚಿತ್ರಹಿಂಸೆಯ ಯಂತ್ರಕ್ಕೆ ಕಟ್ಟಿ ಎಳೆದರು, ನಿನ್ನ ಪಂಗಡದಲ್ಲಿರುವ ದೊಡ್ಡ ಮನೆತನದ ಹೆಂಗಸರು ಯಾರು ಹೇಳು ಅಂತ. ಆ ಉತ್ತರ ರಾಣಿಯ ಸುತ್ತಲಿದ್ದವರ ತನಕ ಮುಟ್ಟಬಹುದಿತ್ತು. ಅವಳು ಹೇಳಲಿಲ್ಲ. ನಡೆಯಲು ಆಗದೆ ಅವಳನ್ನು ಕುರ್ಚಿಯಲ್ಲಿ ಹೊತ್ತು ತಂದು, 1546ರ ಜುಲೈ 16ರಂದು ಸುಟ್ಟರು. ಕಿರೀಟ ಇಲ್ಲದವಳು ಕಿರೀಟ ಇದ್ದವರನ್ನು ಕಾಪಾಡಿದಳು. ದೇವರ ರಾಜ್ಯದಲ್ಲಿ ಡೆಸಿಗ್ನೇಷನ್ ನೋಡಿ ಕೆಲಸ ಹಂಚುವುದಿಲ್ಲ.

6. ನಮ್ಮ ರಾಜ ಅಹಷ್ವೇರೋಷನಂಥವನಲ್ಲ

ಕೊನೆಯದಾಗಿ, ಸಭೆಯನ್ನು ಕ್ರಿಸ್ತನ ಮದಲಗಿತ್ತಿ ಅಂತ ದೇವರ ವಾಕ್ಯ ಕರೆಯುತ್ತದೆ. ಅಂದರೆ ನಾವೂ ರಾಜನ ಹೆಂಡತಿಯ ಸ್ಥಾನದಲ್ಲಿ ಇರುವವರು. ಆದರೆ ರಾಜ ಎಂಥವನು ನೋಡಿ. ಅಹಷ್ವೇರೋಷ ಚೆಲುವು ಹುಡುಕಿ ಹೆಂಡತಿಯನ್ನು ಆರಿಸಿದ. ಯೇಸು ಕಲೆ, ಸುಕ್ಕು ಇದ್ದ ನಮ್ಮನ್ನು ಆರಿಸಿ, ತಾನೇ ತೊಳೆದು ಅಂದಗೊಳಿಸಿದ, ಎಫೆಸ 5 ಓದಿ. ಹೆನ್ರಿ ತನ್ನ ಸಿಂಹಾಸನಕ್ಕೋಸ್ಕರ ಹೆಂಡತಿಯ ಪ್ರಾಣ ತೆಗೆದ. ಯೇಸು ಮದಲಗಿತ್ತಿಗೋಸ್ಕರ ಸಿಂಹಾಸನ ಬಿಟ್ಟು ಬಂದು ತನ್ನ ಪ್ರಾಣ ಕೊಟ್ಟ. ಶೂಷನ್ ಅರಮನೆಯಲ್ಲಿ ಕರೆಯದೆ ಬಂದರೆ ಮರಣ. ನಮಗೆ ಇಬ್ರಿಯ 4:16 ಇದೆ, ಕೃಪಾಸನದ ಮುಂದೆ ಧೈರ್ಯವಾಗಿ ಬರಬಹುದು. ನಮ್ಮ ರಾಜನ ಹತ್ತಿರ 30 ದಿನದ ಕಾಯುವಿಕೆ ಇಲ್ಲ. ರಾತ್ರಿ 2 ಗಂಟೆಗೂ ಸುವರ್ಣದಂಡ ಚಾಚಿಯೇ ಇದೆ. ಹಲ್ಲೆಲೂಯಾ!

ಈ ಬಾಗಿಲು ಭದ್ರ ಇರುವುದರಿಂದಲೇ ಬೇರೆ ಬಾಗಿಲುಗಳನ್ನು ತಟ್ಟಲು ನಮಗೆ ಧೈರ್ಯ. ಕಂಪನಿ ಕೊಟ್ಟದ್ದನ್ನು ಕಂಪನಿ ತೆಗೆಯಬಹುದು. ಮನುಷ್ಯ ಕೊಟ್ಟ ಮರ್ಯಾದೆಯನ್ನು ಮನುಷ್ಯ ತೆಗೆಯಬಹುದು. ಕ್ರಿಸ್ತನಲ್ಲಿ ಸಿಕ್ಕ ಸ್ಥಾನವನ್ನು ಯಾರೂ ತೆಗೆಯಲಾರರು.

ಈ ವಾರ ಮೂರು ಕೆಲಸ ಮಾಡಿ. ಒಂದು, ನಿಮಗೆ ತೆರೆದಿರುವ, ಬೇರೆಯವರಿಗೆ ಮುಚ್ಚಿರುವ ಒಂದು ಬಾಗಿಲು ಯಾವುದು ಅಂತ ಬರೆಯಿರಿ. ಎರಡು, ಆ ಬಾಗಿಲ ಹೊರಗೆ ಅಳುತ್ತಿರುವ ಒಬ್ಬರ ಹೆಸರು ಬರೆಯಿರಿ. ಮೂರು, ಒಂದು ಹೊತ್ತು ಉಪವಾಸ ಮಾಡಿ ಪ್ರಾರ್ಥಿಸಿ, ಆಮೇಲೆ ಹೋಗಿ ಮಾತಾಡಿ. ಮುಂದಿನ ಕೂಟದಲ್ಲಿ ಸಾಕ್ಷಿ ಕೇಳೋಣ.

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನಮಗೆ ಕೊಟ್ಟ ಸ್ಥಾನಕ್ಕಾಗಿ ಸ್ತೋತ್ರ. ಅದರ ಲೆಕ್ಕ ನೀನು ಕೇಳುತ್ತೀ ಎಂದು ನಮಗೆ ಜ್ಞಾಪಕ ಇರಲಿ. ಈಜೆಬೆಲಳ ಕೈಯಾಗದಂತೆ, ಅಹಾಬನ ನಿದ್ದೆ ಬಾರದಂತೆ ನಮ್ಮನ್ನು ಕಾಪಾಡು. ಹೆದರಿ ಸುಮ್ಮನಿರುವ ನಮ್ಮ ತಂಗಿಯರಿಗೆ ಬಾಯಿ ಕೊಡು, ಕೇಳಿಸಿಕೊಳ್ಳಲು ಸಭೆಗೆ ಕಿವಿ ಕೊಡು. ನಮ್ಮ ಪ್ರಾಣ ಉಳಿದ ಮೇಲೂ ಎರಡನೇ ಸಲ ಹೋಗಿ ಬೇಡಿಕೊಳ್ಳುವ ಹೃದಯ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.